ಇಪ್ಪತ್ತೆರಡು ಕಂಬಗಳ ಒಂದೇ ಸದ್ದು

ಕಟ್ಟಡದ ಮುಂದೆ ನಿಲ್ಲಿಸುವ ಫಲಕಕ್ಕೆ ಇನ್ನೂರು ಪದಗಳಲ್ಲಿ ಅದರ ಇತಿಹಾಸ ಬರೆದುಕೊಡಿ ಎಂದು ಪುರಸಭೆಯವರು ಕೇಳಿದಾಗಲೇ ನಾನು ಕೈಮುಗಿದು ತಪ್ಪಿಸಿಕೊಳ್ಳಬೇಕಿತ್ತು. ಕೂತು ಬರೆಯುವುದು ನನ್ನಿಂದ ಆಗುವ ಕೆಲಸವಲ್ಲ. ಹತ್ತು ನಿಮಿಷ ಕುರ್ಚಿಯಲ್ಲಿ ಕೂತರೆ ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತದೆ. ಅತ್ತಿಗೆ ನನ್ನನ್ನು ಕರೆಯುವುದೇ ಬುಗುರಿ ಅಂತ. ಆದರೂ ಒಪ್ಪಿಕೊಂಡೆ. ಇನ್ಯಾರೋ ಬಂದು ಆ ಕಟ್ಟಡದ ಬಗ್ಗೆ ಬಾಯಿಗೆ ಬಂದಂತೆ ಬರೆದು ಹೋದರೆ ನನಗೆ ಹೊಟ್ಟೆ ಉರಿಯುತ್ತದೆ.

ಕಟ್ಟಡವೂ ನನ್ನ ಹಾಗೇ, ಕೂತಲ್ಲಿ ಕೂರುವುದಿಲ್ಲ. ನದಿಗೆ ಮುಖ ಮಾಡಿ ನಿಂತ ಮರದ ಚೌಕಟ್ಟು ಅದು. ಇಪ್ಪತ್ತೆರಡು ಕಂಬ, ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಹಲಗೆ ಹಾಸಿದ ಮಹಡಿ, ಕಂಬಗಳ ನಡುವೆ ಇಟ್ಟಿಗೆ ತುಂಬಿದ ಗೋಡೆ. ಗೋಡೆ ಇರುವುದು ಗಾಳಿ ತಡೆಯಲಿಕ್ಕೆ ಮಾತ್ರ, ಭಾರವೆಲ್ಲ ಮರದ ಮೇಲೆ. ಚೌಕಟ್ಟಿಗೆ ಒಂದು ಮೊಳೆಯನ್ನೂ ಹೊಡೆದಿಲ್ಲ, ಎಲ್ಲವೂ ಬೆಣೆಗಳ ಮೇಲೆ ನಿಂತಿದೆ. ಮಳೆ ಬಂದರೆ ಮರ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಮಧ್ಯಾಹ್ನ ಒಂದು ಮೂಲೆಯಲ್ಲಿ ಲಟಕ್ ಎಂದರೆ ಸಂಜೆಯ ತಂಪಿಗೆ ಇನ್ನೊಂದು ಮೂಲೆಯಲ್ಲಿ ಲಟಕ್. ಹೊಸಬರು ಬೆಚ್ಚಿಬಿದ್ದು ಮೇಲೆ ನೋಡುತ್ತಾರೆ. ನಮಗೆ ಅದು ಮನೆಯ ಹಿರಿಯರು ಕೆಮ್ಮಿದ ಹಾಗೆ.

ಇತಿಹಾಸ ಅಂದರೆ ಇಷ್ಟು. ಮೊದಲು ಅದು ಉಪ್ಪಿನ ಉಗ್ರಾಣ. ದೋಣಿಯಿಂದ ಇಳಿಸಿದ ಉಪ್ಪು ನೇರ ಒಳಗೆ ಬರಲೆಂದು ನೀರಿನ ಅಂಚಿಗೇ ಕಟ್ಟಿದರು. ಒಳಗಿನ ಕಂಬಗಳಿಗೆ ನಾಲಗೆ ತಾಗಿಸಿದರೆ ಈಗಲೂ ಉಪ್ಪುಪ್ಪು ಎಂದು ಚಿಕ್ಕವಳಿದ್ದಾಗ ನಾನು ಊರೆಲ್ಲ ಸಾರಿದ್ದೆ, ಪಕ್ಕದ ಬೀದಿಯ ಹುಡುಗಿಯರಿಂದ ನೆಕ್ಕಿಸಿಯೂ ಇದ್ದೆ. ಸೇತುವೆ ಬಂತು, ದೋಣಿಗಳು ನಿಂತವು, ಉಪ್ಪೂ ನಿಂತಿತು. ಆಮೇಲೆ ನೂಲಿಗೆ ಬಣ್ಣ ಹಾಕುವವರು ಬಂದರು. ಕೆಳಗಿನ ತೊಲೆಗಳ ಮೇಲೆ ಅವರ ನೀಲಿ ಕಲೆಗಳು ಹಾಗೇ ಇವೆ. ಒಂದು ದೊಡ್ಡ ನೆರೆಯ ವರ್ಷ ಶಾಲೆ ಮುಳುಗಿತೆಂದು ಎಂಟು ತಿಂಗಳು ಮಹಡಿಯ ಮೇಲೆ ಪಾಠ ನಡೆಯಿತು. ಆಮೇಲೆ ಸ್ವಲ್ಪ ಕಾಲ ಬಾವಲಿಗಳದೇ ರಾಜ್ಯ. ಈಗ ಕೆಳಗೆ ನಮ್ಮ ಮರಗೆಲಸ, ಮೇಲೆ ಅತ್ತಿಗೆ ನಡೆಸುವ ಪುಸ್ತಕ ಬೈಂಡಿಂಗಿನ ಕಾರ್ಖಾನೆ. ಹದಿನಾಲ್ಕು ಜನ ಹೆಂಗಸರು, ಎರಡು ಕಬ್ಬಿಣದ ಪ್ರೆಸ್ಸು, ಕಾಗದ ಕತ್ತರಿಸುವ ಒಂದು ಮಷಿನ್ನು, ಜೊತೆಗೆ ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದ ಹರಟೆ.

ಇದೆಲ್ಲ ಒಳಗೆ ಬಂದು ಹೋದವರ ಕಥೆ. ಕಟ್ಟಡದ ಸ್ವಂತ ಕಥೆ ಇರುವುದು ಕಂಬಗಳ ಬುಡದಲ್ಲಿ, ಮತ್ತು ಅದು ನಮ್ಮ ಮನೆತನದ ಕೆಲಸ. ಪ್ರತಿ ವರ್ಷ ನದಿ ಏರಿ ಒಳಗೆ ಬಂದು ಬುಡಗಳನ್ನು ನೆನೆಸಿ ಹೋಗುತ್ತದೆ. ನೆನೆದ ಬುಡ ಒಂದಲ್ಲ ಒಂದು ದಿನ ಕೊಳೆಯುತ್ತದೆ. ಆಗ ತೊಲೆಗೆ ಆಸರೆ ಕೊಟ್ಟು, ಕಂಬದ ಕೊಳೆತ ಭಾಗ ಕೊಯ್ದು ತೆಗೆದು, ಅಲ್ಲಿಗೆ ಹೊಸ ಮರ ಕೂಡಿಸಬೇಕು. ಕೂಡಿಸಿದವನು ಮೇಲೆ ಉಳಿದ ಹಳೆಯ ಮರದಲ್ಲಿ ತನ್ನ ಗುರುತನ್ನೂ ಆ ವರ್ಷವನ್ನೂ ಉಳಿಯಿಂದ ಕೆತ್ತುತ್ತಾನೆ. ಮುತ್ತಜ್ಜನದು ಮೀನಿನ ಬಾಲ, ಅಜ್ಜನದು ತ್ರಿಕೋನ, ಅಪ್ಪನದು ಎರಡು ಅಡ್ಡಗೆರೆ. ಬಾಗಿಲ ಬಳಿಯ ಒಂದು ಕಂಬ ಬಿಟ್ಟರೆ ಉಳಿದ ಯಾವುದಕ್ಕೂ ಹುಟ್ಟಿದಾಗಿನ ಕಾಲಿಲ್ಲ. ಕೆಲವಂತೂ ನಾಲ್ಕನೆಯ ಕಾಲಿನ ಮೇಲೆ ನಿಂತಿವೆ.

ಯಾವ ಬುಡ ಹೋಗಿದೆ ಎಂದು ಹೇಳುವುದು ಕಿವಿ. ಹೊರಗೆ ಕಲ್ಲಿನಂತೆ ಕಾಣುವ ಮರ ಒಳಗೆ ಹಿಟ್ಟಾಗಿರಬಹುದು. ಹಾಗಾಗಿ ನೆರೆ ಇಳಿದು ನೆಲ ಒಣಗಿದ ಮೇಲೆ ಮೇಸ್ತ್ರಿ ಕೊಡತಿ, ಅಂದರೆ ಮರದ ಸುತ್ತಿಗೆ, ಹಿಡಿದು ಒಂದು ಸುತ್ತು ಹೊಡೆಯುತ್ತಾನೆ. ಮೊದಲ ಏಟು ಬಾಗಿಲ ಕಂಬಕ್ಕೆ. ಅದು ನೀರು ಮುಟ್ಟದ ಎತ್ತರದಲ್ಲಿದೆ, ಯಾವತ್ತೂ ಗಟ್ಟಿ. ಆ ಸದ್ದನ್ನು ಕಿವಿಯಲ್ಲಿ ಇಟ್ಟುಕೊಂಡು ಉಳಿದ ಇಪ್ಪತ್ತೊಂದಕ್ಕೂ ಒಂದೊಂದು ಏಟು ಹಾಕಬೇಕು. ಅದೇ ಸದ್ದು ಬಂದರೆ ಸೈ. ಬೇರೆ ಬಂದರೆ ಗರಗಸ ತರಬೇಕು. ವಿದ್ಯೆ ಇಷ್ಟೇ. ಪುರಸಭೆಯ ಕಡತದಲ್ಲೂ ವರ್ಷವರ್ಷ ಅದೊಂದೇ ಸಾಲು: ಮೇಸ್ತ್ರಿ ಕುಟ್ಟಿ ನೋಡಿದ್ದಾರೆ.

ಮೇಸ್ತ್ರಿ ಅಂದರೆ ನಲವತ್ತೊಂದು ವರ್ಷದಿಂದ ನಮ್ಮಪ್ಪ. ಈಗ ಅವನಿಗೆ ಎಪ್ಪತ್ತಾರು. ಈ ಊರಲ್ಲಿ ಹಳೆಯ ಬಾಗಿಲು ಕೊಳ್ಳುವವರೂ ದೋಣಿ ಕೊಳ್ಳುವವರೂ ಅಪ್ಪನಿಂದ ಒಂದು ಏಟು ಹಾಕಿಸಿಯೇ ಕೊಳ್ಳುತ್ತಾರೆ. ಅವನು ಸೈ ಎಂದರೆ ಮರುಮಾತಿಲ್ಲ. ಅವನು ಬದುಕಿರುವುದೇ ಆ ಒಂದು ಮಾತಿನ ಗೌರವದ ಮೇಲೆ ಎಂದರೂ ತಪ್ಪಲ್ಲ.

ಫಲಕ ತೆರೆಯುವುದು ಭಾನುವಾರ ಎಂದು ಗೊತ್ತಾಗಿತ್ತು. ಮಹಡಿಯ ಮೇಲೆ ಸಭೆ, ನೂರೈವತ್ತು ಕುರ್ಚಿ, ಅಪ್ಪನಿಂದ ಎರಡು ಮಾತು. ಶುಕ್ರವಾರ ಪುರಸಭೆಯ ಇಂಜಿನಿಯರ್ ಬಂದು, ಅಪ್ಪ ಕುಟ್ಟುವುದನ್ನು ನೋಡಿ, ಸಭೆ ನಡೆಸಬಹುದು ಎಂದು ಸಹಿ ಹಾಕುವುದಿತ್ತು. ನನ್ನ ಇನ್ನೂರು ಪದ ಮಾತ್ರ ಮಂಗಳವಾರವಾದರೂ ಅರವತ್ತಕ್ಕೆ ನಿಂತಿತ್ತು.

ಕುರ್ಚಿಯ ಕಾಟ ತಾಳದೆ ಎದ್ದು ಹೋಗಿ ಕಂಬಗಳ ಮೇಲಿನ ವರ್ಷಗಳನ್ನು ಒಂದೊಂದಾಗಿ ಬರೆದುಕೊಂಡು ಬಂದೆ. ಫಲಕದಲ್ಲಿ ಹಾಕಿದರೆ ಚೆನ್ನಾಗಿರುತ್ತದೆ ಅನಿಸಿತು. ಕ್ರಮವಾಗಿ ಜೋಡಿಸಿ ನೋಡಿದೆ. ತೊಂಬತ್ತು ವರ್ಷಗಳಲ್ಲಿ ಎರಡು ವರ್ಷಕ್ಕಿಂತ ಹೆಚ್ಚಿನ ಬಿಡುವು ಎಲ್ಲೂ ಇಲ್ಲ. ಒಂದೊಂದು ವರ್ಷ ಮೂರು ಮೂರು ಬುಡ ಬದಲಾಗಿವೆ. ಅಪ್ಪನ ಅಡ್ಡಗೆರೆಗಳಲ್ಲಿ ಕೊನೆಯದು ಮಾತ್ರ ಆರು ವರ್ಷ ಹಿಂದಿನದು. ಅಲ್ಲಿಂದ ಈಚೆಗೆ ಏನೂ ಇಲ್ಲ. ನದಿಯೇನು ಆರು ವರ್ಷದಿಂದ ರಜೆಯ ಮೇಲೆ ಹೋಗಿರಲಿಲ್ಲ.

ಊಟಕ್ಕೆ ಕೂತಾಗ ಕೇಳಿದೆ. "ಅಪ್ಪಾ, ಆರು ವರ್ಷದಿಂದ ಒಂದು ಬುಡಾನೂ ಬದಲಾಯಿಸಿಲ್ವಲ್ಲ, ಯಾಕೆ?"

"ಎಲ್ಲಾ ಗಟ್ಟಿಯಾಗಿವೆ ಕಣೆ," ಎಂದ ಅಪ್ಪ, ಖುಷಿಯಿಂದ. "ಈಗೀಗ ಇಪ್ಪತ್ತೆರಡೂ ಒಂದೇ ಸದ್ದು ಕೊಡ್ತವೆ. ನಮ್ಮಜ್ಜನ ಕಾಲದಲ್ಲೂ ಹಾಗಿರ್ಲಿಲ್ಲ. ಇದನ್ನ ಹಾಕು ನಿನ್ನ ಬೋರ್ಡಲ್ಲಿ."

ಹಾಕಿದೆ. ಊಟ ಮುಗಿಸಿ ಕಾಗದ ಎಳೆದುಕೊಂಡು, ಇಂದು ಇಪ್ಪತ್ತೆರಡೂ ಕಂಬಗಳು ಒಂದೇ ಸದ್ದು ಕೊಡುತ್ತವೆ ಎಂದು ಬರೆದೆ. ಬರೆದು ಓದಿದೆ. ಓದುವಾಗ ನನ್ನ ಗಂಟಲು ಸ್ವಲ್ಪ ನೋಯುತ್ತಿದೆ ಅನಿಸಿತು. ಯಾಕೆಂದರೆ ಆ ಪ್ರಶ್ನೆಯನ್ನು ನಾನು ಅಪ್ಪನಿಗೆ ಮೇಜಿನ ಈಚೆಯಿಂದ ಕಿರುಚಿ ಕೇಳಿದ್ದೆ.

ನಾವೆಲ್ಲ ಕಿರುಚುತ್ತಿದ್ದೆವು. ಎಷ್ಟು ವರ್ಷದಿಂದ ಎಂದು ಹೇಳಲಾರೆ, ಅಭ್ಯಾಸವಾಗಿ ಹೋಗಿತ್ತು. "ಮಾವಾ, ಊಟಕ್ಕೇಳಿ!" ಎಂದು ಅತ್ತಿಗೆ ಕರೆದರೆ ಬೀದಿಯ ಕೊನೆಯವರೂ ಕೈತೊಳೆಯಬೇಕು. ನಮ್ಮ ಟಿವಿಯ ವಾರ್ತೆ ಕೇಳುವ ಎದುರು ಮನೆಯವರು ತಮ್ಮದನ್ನು ಹಾಕುವುದನ್ನೇ ಬಿಟ್ಟಿದ್ದರು. ಬಾಗಿಲ ಗಂಟೆ ತೆಗೆಸಿ ಇನ್ನೂ ಜೋರಾದದ್ದು ಹಾಕಿಸಿದವಳು ನಾನೇ. ವಯಸ್ಸಾಯಿತು, ಕಿವಿ ಸ್ವಲ್ಪ ಮಂದ ಎಂದು ನಗುತ್ತಾ ಹೇಳುತ್ತಿದ್ದೆವು. ಅದೇ ಬಾಯಲ್ಲಿ ಊರಿನವರಿಗೆ, ಮರ ಕುಟ್ಟಿಸಬೇಕಾದರೆ ನಮ್ಮಪ್ಪನನ್ನೇ ಕರೆಯಿರಿ ಎಂದೂ ಹೇಳುತ್ತಿದ್ದೆವು. ಮನೆಯಲ್ಲಿರುವ ಕಿವಿ ಬೇರೆ, ಕೆಲಸಕ್ಕೆ ಹೋಗುವ ಕಿವಿ ಬೇರೆ ಎಂದುಕೊಂಡಿದ್ದೆವೋ ಏನೋ. ಕಿವಿ ಮಂದವಾದವನಿಗೆ ಇಪ್ಪತ್ತೆರಡು ಕಂಬಗಳೂ ಒಂದೇ ಸದ್ದು ಕೊಡದೆ ಇನ್ನೇನು ಕೊಡುತ್ತವೆ?

ಬುಧವಾರ ಬೆಳಿಗ್ಗೆ ಅಪ್ಪ ಸಾಮಿಲ್ಲಿಗೆ ಹೋದದ್ದೇ ನಾನು ಕೊಡತಿ ತೆಗೆದುಕೊಂಡೆ. ಚಿಕ್ಕಂದಿನಲ್ಲಿ ಅವನೇ ಕಲಿಸಿದ್ದ. ಬಾಗಿಲ ಕಂಬ ಠಣ್ಣೆಂದಿತು. ಎರಡು, ಮೂರು, ನಾಲ್ಕು, ಅದೇ. ಏಳನೆಯದು ದಬ್ ಎಂದಿತು. ಮತ್ತೆ ಹೊಡೆದೆ, ದಬ್. ನನ್ನ ಕಿವಿಯೇ ಸರಿಯಿಲ್ಲ ಎಂದುಕೊಂಡು ಓಡಿಹೋಗಿ ಮೊದಲನೆಯದಕ್ಕೆ ಹೊಡೆದು ಬಂದೆ. ಹನ್ನೆರಡು ದಬ್. ಹದಿಮೂರು ದಬ್. ಉಳಿದವೆಲ್ಲ ಠಣ್. ಹನ್ನೆರಡಕ್ಕೆ ತೂತು ಕೊರೆಯುವ ಬೈರಿಗೆ ಇಟ್ಟು ತಿರುಗಿಸಿದೆ. ಒಂದು ಅಂಗುಲ ಒಳ್ಳೆಯ ಮರವಿತ್ತು, ಆಮೇಲೆ ಬೈರಿಗೆ ತಾನಾಗಿಯೇ ಒಳಗೆ ಜಾರಿತು. ಎಳೆದರೆ ಒದ್ದೆಯಾದ ಕರಿ ರೊಚ್ಚು ಬಂತು. ಕೈಯಲ್ಲಿ ಹಿಚುಕಿದರೆ ನೀರು ಒಸರಿತು.

ಹನ್ನೆರಡು, ಹದಿಮೂರರ ನೇರ ಮೇಲೆ ಅತ್ತಿಗೆಯ ಎರಡೂ ಪ್ರೆಸ್ಸುಗಳಿದ್ದವು. ಹಲಗೆಯ ಸಂದಿನಿಂದ ಹೆಂಗಸರ ನಗು ಕೇಳುತ್ತಿತ್ತು. ಯಾರೋ ಯಾರದೋ ಗಂಡನ ಗೊರಕೆಯನ್ನು ಅಣಕಿಸುತ್ತಿದ್ದರು. ನಾನು ಮಾಡಬೇಕಾಗಿದ್ದದ್ದು ಒಂದೇ, ಮೆಟ್ಟಿಲು ಹತ್ತಿಹೋಗಿ ಎಲ್ಲರನ್ನೂ ಕೆಳಗಿಳಿಸುವುದು. ಮಾಡಲಿಲ್ಲ. ತೂತಿಗೆ ಒಂದು ಗೂಟ ಬಡಿದು, ರೊಚ್ಚನ್ನು ಗುಡಿಸಿ ನದಿಗೆ ಎಸೆದೆ, ಕಳ್ಳಿಯ ಹಾಗೆ. ಕೆಳಗಿಳಿಸಿದರೆ ಯಾಕೆಂದು ಹೇಳಬೇಕು. ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ನಲವತ್ತೊಂದು ವರ್ಷದ ಮೇಸ್ತ್ರಿ ಆರು ವರ್ಷ ಕಿವುಡನಾಗಿ ಕಂಬ ಕುಟ್ಟಿದ ಎಂದು ಚಹಾದಂಗಡಿಯಲ್ಲಿ ಕಟ್ಟಿ ಹಾಡುತ್ತಾರೆ.

ಅದರ ಬದಲು ಒಂದು ಸುಳ್ಳು ಹೇಳಿದೆ. ಸಭೆಗೆ ಜಾಗ ಬೇಕಂತೆ, ಪ್ರೆಸ್ಸುಗಳನ್ನು ಬಾಗಿಲ ಕಡೆಗೆ ಸರಿಸಬೇಕಂತೆ ಎಂದು ಅತ್ತಿಗೆಗೆ ಹೇಳಿದೆ.

"ಈಗ್ಲೇನಾ? ಬುಗುರಿ, ನೀನೂ ಕೂರಲ್ಲ, ನಮ್ಮನ್ನೂ ಕೂರೋಕೆ ಬಿಡಲ್ಲ," ಎಂದು ಬೈದಳು. ಆದರೂ ಹೆಂಗಸರೆಲ್ಲ ಸೇರಿ ಉರುಳುಗಂಬಿಗಳ ಮೇಲೆ ಪ್ರೆಸ್ಸುಗಳನ್ನು ತಳ್ಳಿದರು. ಅವು ಹನ್ನೆರಡರ ಮೇಲಿಂದ ಕದಲುವ ತನಕ ನಾನು ಕೆಳಗೆ ಆ ಕಂಬವನ್ನು ತಬ್ಬಿಕೊಂಡು ನಿಂತಿದ್ದೆ. ಕುಸಿದರೆ ನಾನು ತಡೆಯುತ್ತೇನೆ ಎಂಬ ಹಾಗೆ. ಬುದ್ಧಿ ಅಷ್ಟು ಕೆಟ್ಟಿತ್ತು.

ಗುರುವಾರ ಹೇಗೋ ಕಳೆಯಿತು. ಕಿಟಕಿಯ ಒಂದು ಚೌಕಟ್ಟನ್ನು ಎರಡು ಸಲ ತಪ್ಪು ಅಳತೆಗೆ ಕೊಯ್ದೆ. ಮೇಲೆ ಯಾರಾದರೂ ಜೋರಾಗಿ ನಡೆದರೆ ಹೊರಗೆ ಓಡಿ ನಿಂತು ನೋಡುತ್ತಿದ್ದೆ. ಕಟ್ಟಡ ಒಂದು ಸಲ ಲಟಕ್ ಎಂದಾಗ ಬೆಚ್ಚಿಬಿದ್ದವಳು ಈ ಸಲ ನಾನು. ಸಂಜೆ ಅಪ್ಪನಿಗೆ ಹೇಳಿಯೇ ಬಿಡುವುದು ಎಂದು ಮನೆಗೆ ಹೋದೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದ.

"ಬಾ ಬಾ. ಎರಡು ಮಾತು ಅಂದ್ರೆ ಏನು ಹೇಳ್ಲಿ ಹೇಳು. ನಮ್ಮಜ್ಜನಿಂದ ಶುರು ಮಾಡ್ಲಾ? ನನ್ನಿಂದ ಶುರು ಮಾಡಿದ್ರೆ ಜಂಬ ಅನ್ಕೋತಾರೆ ಅಲ್ವಾ?"

"ಅಜ್ಜನಿಂದ್ಲೇ ಶುರು ಮಾಡಪ್ಪ," ಎಂದು ಕಿರುಚಿ ಹೇಳಿ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಕೊನೆಯಿರಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಇಂಜಿನಿಯರ್ ಬಂದ. ಮೃದು ಮಾತಿನ ಯುವಕ. ಮೊದಲು ಮಹಡಿಗೆ ಹೋಗಿ ನೋಡಿ ಬಂದು, "ಪ್ರೆಸ್ ಸರಿಸಿದ್ದು ಒಳ್ಳೇದಾಯ್ತು ಮೇಡಂ, ಆ ಜಾಗದಲ್ಲಿ ಇನ್ನೂ ನಲವತ್ತು ಕುರ್ಚಿ ಹಿಡಿಯತ್ತೆ," ಎಂದ. ನನ್ನ ಸುಳ್ಳು ಕೊಳೆತ ಕಂಬಗಳ ಮೇಲೆಯೇ ನಲವತ್ತು ಜನರನ್ನು ಕೂರಿಸಲು ಹೊರಟಿತ್ತು.

"ನೀವು ಯಂತ್ರದಲ್ಲಿ ಏನೂ ನೋಡಲ್ವಾ?" ಎಂದು ಕೇಳಿದೆ.

"ನಮ್ಮ ಮೀಟರು ಮೇಲಿನ ತೇವ ಅಷ್ಟೇ ತೋರಿಸೋದು. ಮೇಸ್ತ್ರಿಗಳ ಕಿವಿ ಇರುವಾಗ ಅದ್ಯಾಕೆ?"

ಅಪ್ಪ ಕೊಡತಿ ತೆಗೆದುಕೊಂಡು ಹೊರಟ. ಬೆನ್ನು ನೆಟ್ಟಗೆ, ಹೆಜ್ಜೆ ಅಳೆದಂತೆ. ಬಾಗಿಲ ಕಂಬಕ್ಕೆ ಒಂದು ಏಟು, ಕಣ್ಣು ಮುಚ್ಚಿ ಒಂದು ಕ್ಷಣ, "ಸೈ." ಮುಂದಿನದು, "ಸೈ." ಇಂಜಿನಿಯರ್ ಹಿಂದೆ ಹಿಂದೆ ನಡೆಯುತ್ತಾ ಗುರುತು ಹಾಕಿಕೊಳ್ಳುತ್ತಿದ್ದ. ಏಳನೆಯದು ದಬ್ ಎಂದಿತು. "ಸೈ," ಎಂದ ಅಪ್ಪ. ಇಂಜಿನಿಯರ್ ಒಮ್ಮೆ ಪೆನ್ನು ತಡೆದು ನನ್ನ ಮುಖ ನೋಡಿದ, ಆಮೇಲೆ ತನಗೇನು ಗೊತ್ತು ಎಂಬಂತೆ ಗುರುತು ಹಾಕಿದ. ಹನ್ನೆರಡು, "ಸೈ." ಹದಿಮೂರು, "ಸೈ." ಅಪ್ಪ ಮೋಸ ಮಾಡುತ್ತಿಲ್ಲ ಎಂಬುದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ತನ್ನ ಕಂಬಗಳ ಬಗ್ಗೆ ಅವನಿಗೆ ಅಷ್ಟು ಹೆಮ್ಮೆ.

ಇಪ್ಪತ್ತೆರಡೂ ಮುಗಿದವು. ಇಂಜಿನಿಯರ್ ಕಾಗದವನ್ನು ನಮ್ಮ ಕೆಲಸದ ಮೇಜಿನ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದ. ಅಪ್ಪ ನಮಗೆ ಬೆನ್ನು ಹಾಕಿ, ಎರಡು ಹೆಜ್ಜೆ ದೂರದಲ್ಲಿ, ಕೊಡತಿಯನ್ನು ಗೋಡೆಯ ಗೂಟಕ್ಕೆ ಸಿಕ್ಕಿಸುತ್ತಿದ್ದ.

"ಸಹಿ ಹಾಕ್ಬೇಡಿ," ಎಂದೆ. ಪಿಸುಗುಟ್ಟಲಿಲ್ಲ, ಕೂಗಲೂ ಇಲ್ಲ. ಅಂಗಡಿಯಲ್ಲಿ ಸಾಮಾನು ಕೇಳುವ ದನಿಯಲ್ಲೇ ಹೇಳಿದೆ. "ಅಪ್ಪನಿಗೆ ಕಿವಿ ಕೇಳಿಸಲ್ಲ. ಏಳು, ಹನ್ನೆರಡು, ಹದಿಮೂರು ಒಳಗೆ ಕೊಳೆತಿವೆ. ಹನ್ನೆರಡಕ್ಕೆ ಬೈರಿಗೆ ಹಾಕಿಯೂ ನೋಡಿದೀನಿ."

ಇಂಜಿನಿಯರ್ ಗಾಬರಿಯಿಂದ ಅಪ್ಪನ ಬೆನ್ನು ನೋಡಿದ. ಅಪ್ಪ ಕೊಡತಿಯನ್ನು ನೇರ ಮಾಡಿ, ಅಂಗೈಗಳ ಧೂಳು ಕೊಡವಿಕೊಳ್ಳುತ್ತಿದ್ದ.

"ಮೇಸ್ತ್ರಿಗಳೇ," ಎಂದ ಇಂಜಿನಿಯರ್. ಸ್ವಲ್ಪ ತಡೆದು ಇನ್ನೊಮ್ಮೆ, "ಮೇಸ್ತ್ರಿಗಳೇ."

ಅಪ್ಪ ತಿರುಗಲಿಲ್ಲ. ಇಂಜಿನಿಯರ್ ಪೆನ್ನಿಗೆ ಮುಚ್ಚಳ ಹಾಕಿದ.

ಆಮೇಲೆ ಅಪ್ಪ ತಾನಾಗಿ ತಿರುಗಿದ. ಮುಖದಲ್ಲಿ ನಗುವಿತ್ತು. ನಮ್ಮಿಬ್ಬರನ್ನೂ ನೋಡಿ ಅದು ಅರ್ಧಕ್ಕೆ ನಿಂತಿತು. "ಯಾಕೆ? ಸಹಿ ಆಗ್ಲಿಲ್ವಾ? ಏನೇ, ಏನು ಹೇಳ್ದೆ?"

ಹೇಳಿದೆ. ನನ್ನ ದನಿ ಏಳಲೇ ಇಲ್ಲ. ಅವನು ನನ್ನ ತುಟಿಗಳನ್ನೇ ನೋಡುತ್ತಾ ಹುಬ್ಬು ಗಂಟಿಕ್ಕಿದ. "ಜೋರಾಗಿ ಹೇಳು, ಮೇಲೆ ಮಷಿನ್ ಓಡ್ತಾ ಇದೆಯಲ್ಲ."

ಮೇಲೆ ಯಾವ ಮಷಿನ್ನೂ ಓಡುತ್ತಿರಲಿಲ್ಲ. ಚಹಾದ ಹೊತ್ತು ಅದು. ಲೋಟಗಳ ಸದ್ದು, ಮಾತು, ನಗು ಹಲಗೆಯ ಸಂದಿನಿಂದ ಇಳಿದು ಬರುತ್ತಿತ್ತು. ನಾನು ಕೂಗಿದ್ದೂ ಅದೇ ಸಂದಿನಿಂದ ಮೇಲಿನವರಿಗೆ ಕೇಳಿಸುತ್ತದೆ ಎಂದು ನನಗೆ ಗೊತ್ತಿತ್ತು. ಬೇರೆ ದಾರಿ ಇರಲಿಲ್ಲ. ಉಸಿರೆಳೆದುಕೊಂಡು ಕೂಗಿದೆ.

"ಅಪ್ಪಾ, ನಿನಗೆ ಕಿವಿ ಕೇಳಿಸ್ತಿಲ್ಲ! ಮೂರು ಕಂಬ ಕೊಳೆತಿವೆ! ನಿನಗೆ ಗೊತ್ತಾಗ್ತಿಲ್ಲ!"

ಮೇಲೆ ಮಾತು ನಿಂತಿತು. ಲೋಟಗಳೂ ಸುಮ್ಮನಾದವು.

ಅಪ್ಪನ ಮುಖ ಕೆಂಪೇರಿತು. ಹೊಡೆಯುತ್ತಾನೋ ಎನ್ನಿಸಿತು, ಹೊಡೆದಿದ್ದರೆ ನೆಮ್ಮದಿಯಾಗುತ್ತಿತ್ತು. ಅವನು ಕೊಡತಿಯನ್ನು ಮತ್ತೆ ಗೂಟದಿಂದ ತೆಗೆದ. ಬಾಗಿಲ ಕಂಬದ ಹತ್ತಿರ ಹೋಗಿ ಕಿವಿಯನ್ನು ಮರಕ್ಕೆ ಒತ್ತಿ ಒಂದು ಏಟು ಹಾಕಿದ. ಹನ್ನೆರಡನೆಯದರ ಹತ್ತಿರ ಬಂದು ಮೊಣಕಾಲೂರಿ ಕೂತು, ಹಾಗೇ ಕಿವಿ ಒತ್ತಿ, ಒಂದು ಏಟು. ಇನ್ನೊಂದು ಏಟು. ಕಿವಿ ಬದಲಾಯಿಸಿ ಮತ್ತೊಂದು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದ.

"ಒಂದೇ ಥರ ಇದೆಯಲ್ಲೇ," ಎಂದ.

ನಾನು ಇಲ್ಲವೆಂದು ತಲೆಯಾಡಿಸಿದೆ. ಅವನು ಇಂಜಿನಿಯರ್ ಕಡೆ ನೋಡಿದ. ಅವನೂ ಇಲ್ಲವೆಂದು ತಲೆಯಾಡಿಸಿದ, ತಪ್ಪು ತನ್ನದೇ ಎಂಬಂತೆ.

ಕಂಬದಲ್ಲಿ ನಾನು ಬಡಿದಿದ್ದ ಗೂಟ ಅಪ್ಪನಿಗೆ ಕಂಡಿತು. ಉಳಿಯಿಂದ ಅದನ್ನು ಮೀಟಿ ತೆಗೆದು, ತೂತಿಗೆ ಕಿರುಬೆರಳು ತೂರಿಸಿದ. ಹೊರಗೆ ತೆಗೆದಾಗ ಬೆರಳು ಗೆಣ್ಣಿನವರೆಗೆ ಕಪ್ಪಾಗಿತ್ತು. ಮೂಸಿ ನೋಡಿದ. ಮೂಸಿದ ಮೇಲೆ ಅವನ ಮುಖದ ಸಿಟ್ಟೆಲ್ಲ ಇಳಿದುಹೋಗಿ, ನಾನು ಈವರೆಗೆ ಕಾಣದ ಒಂದು ಭಯ ಬಂತು. ಆ ಭಯ ತನ್ನ ಹೆಸರು ಹೋಗುವುದರದಲ್ಲ ಎಂದು ನನಗೆ ಆಗಲೇ ತಿಳಿಯಿತು, ಯಾಕೆಂದರೆ ಅವನು ನೆತ್ತಿಯ ಮೇಲಿನ ಹಲಗೆಗಳನ್ನು ನೋಡುತ್ತಿದ್ದ.

"ಮೇಲಿರೋರ್ನ ಇಳಿಸು," ಎಂದ. "ಓಡ್ಬೇಡಿ ಅನ್ನು. ಒಬ್ಬೊಬ್ಬರೇ, ಗೋಡೆ ಪಕ್ಕದಲ್ಲೇ ನಡ್ಕೊಂಡು ಬರ್ಲಿ."

ಮೆಟ್ಟಿಲ ಬುಡದಲ್ಲಿ ನಿಂತು ಕೂಗಿ ಹೇಳಿದೆ. ಅತ್ತಿಗೆ ಆಗಲೇ ಎಲ್ಲ ಕೇಳಿಸಿಕೊಂಡಿದ್ದಳು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಒಬ್ಬೊಬ್ಬರಾಗಿ ಇಳಿದರು. ಹಳೆಯ ಮೆಟ್ಟಿಲುಗಳು ಪ್ರತಿ ಹೆಜ್ಜೆಗೂ ಕಿರ್ರೆಂದವು. ಕೈಯಲ್ಲಿ ಇನ್ನೂ ಲೋಟ ಹಿಡಿದವರಿದ್ದರು, ಬೆರಳಿಗೆ ಅಂಟು ಮೆತ್ತಿಕೊಂಡವರಿದ್ದರು. ಎಲ್ಲರಿಗಿಂತ ಕೊನೆಗೆ ಅತ್ತಿಗೆ ಇಳಿದು ಬಾಗಿಲ ಹತ್ತಿರ ನಿಂತಳು. ಯಾರೂ ಹೊರಗೆ ಹೋಗಲಿಲ್ಲ. ಎಲ್ಲರೂ ಅಪ್ಪನನ್ನೇ ನೋಡುತ್ತಿದ್ದರು. ಯಾರಿಗೂ ನಗು ಬಂದಿರಲಿಲ್ಲ.

ಅಪ್ಪ ನಮಗೆ ಬೆನ್ನು ಹಾಕಿ ಹನ್ನೆರಡನೆಯ ಕಂಬದ ಮುಂದೆ ಕೂತೇ ಇದ್ದ. ಎರಡೂ ಅಂಗೈಗಳನ್ನು ಕಂಬಕ್ಕೆ ಒತ್ತಿ ಹಿಡಿದಿದ್ದ, ಎರಡು ದಿನದ ಹಿಂದೆ ನಾನು ತಬ್ಬಿ ನಿಂತ ಹಾಗೆಯೇ. ಹದಿನಾಲ್ಕು ಜನ ಹೆಂಗಸರೂ ಅತ್ತಿಗೆಯೂ ಇಂಜಿನಿಯರೂ ಅವನ ಹಿಂದೆ ನಿಂತಿದ್ದರು.

"ಇಳಿದ್ರಾ?" ಎಂದು ಅಪ್ಪ ಕೇಳಿದ.

ನಾನು ಹೋಗಿ ಅವನಿಗೆ ಮುಖ ಕಾಣುವಂತೆ ಕಂಬದ ಪಕ್ಕ ಕೂತು, ಹೂಂ ಎಂದು ತಲೆಯಾಡಿಸಿದೆ.